ಮಲೆನಾಡಿನ ಅಂಗಳಕ್ಕೊಂದು ಸ್ಕೇಟ್‌ಬೋರ್ಡ್ ರ‍್ಯಾಂಪ್: ಕಟ್ಟುವುದು, ಮಳೆಯಿಂದ ಉಳಿಸುವುದು

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ತೀರ್ಥಹಳ್ಳಿ ಕಡೆಯಿಂದ ಒಂದು, ಸಾಗರದಿಂದ ಒಂದು, ಹೊಸನಗರದಿಂದ ಎರಡು. ಏಪ್ರಿಲ್ ರಜೆಯಲ್ಲಿ ಉಮೇದಿನಿಂದ ಕಟ್ಟಿದ ರ‍್ಯಾಂಪ್. ಈಗ ಅದರ ಪ್ಲೈವುಡ್ಡು ಹಳೇ ಪಂಚಾಂಗದ ಹಾಗೆ ಪುಟಪುಟವಾಗಿ ಬಿಚ್ಚಿಕೊಂಡಿದೆ. ಜೊತೆಗೊಂದು ಪ್ರಶ್ನೆ: "ಯಾವ ಪೇಂಟು ಹೊಡೆದಿದ್ದರೆ ಉಳೀತಿತ್ತು?"

ಯಾವ ಪೇಂಟೂ ಉಳಿಸುತ್ತಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೂ ನಾಲ್ಕು ತಿಂಗಳು ಹೊರಗೆ ಬಿದ್ದಿರುವ ಮರದ ಗತಿ ಎರಡೂ ಕಡೆ ಒಂದೇ. ನನ್ನ ಮೊದಲ ರ‍್ಯಾಂಪೂ ಹಾಗೇ ಹೋಯಿತು. ಮಳೆ ತಡೆಯುವ ರ‍್ಯಾಂಪ್ ಕಟ್ಟಲು ಹೊರಟಿದ್ದೆ. ಎರಡನೇ ಸಲ ಕಟ್ಟಿದ್ದು, ಮಳೆಗೆ ಮೊದಲು ನಾಲ್ಕು ಜನ ಎತ್ತಿ ಕೊಟ್ಟಿಗೆಗೆ ಸಾಗಿಸಬಹುದಾದ ರ‍್ಯಾಂಪ್. ಅದು ಇನ್ನೂ ಇದೆ. ಇಲ್ಲಿರುವುದು ಅದರ ಲೆಕ್ಕ.

ಅಳತೆ ಹೀಗೆ: ಎತ್ತರ 3 ಅಡಿ, ಒಟ್ಟು ಅಗಲ 8 ಅಡಿ, ಬಾಗಿನ ತ್ರಿಜ್ಯ 7 ಅಡಿ. ಇದು ಕ್ವಾರ್ಟರ್ ಪೈಪ್, ಅಂದರೆ ಒಂದೇ ಕಡೆ ಬಾಗಿ ಏರುವಂಥದು. ತಲಾ 4 ಅಡಿ ಅಗಲದ ಎರಡು ಪೆಟ್ಟಿಗೆ ಮಾಡಿ ಬೋಲ್ಟಿನಿಂದ ಜೋಡಿಸುತ್ತೇವೆ. ಎದುರಿನ ಸಮತಟ್ಟಿಗೆ ನಿಮ್ಮ ಅಂಗಳವೇ ಸಾಕು.

## ಹಂತ 1: ಜಾಗ ಮತ್ತು ತಿಂಗಳು

ಸಿಮೆಂಟ್ ಅಂಗಳ ಬೇಕೇ ಬೇಕು. ಸಗಣಿ ಸಾರಿಸಿದ ಮಣ್ಣಂಗಳದಲ್ಲಿ ಚಕ್ರ ಉರುಳುವುದಿಲ್ಲ, ಉರುಳಿದರೆ ಅಂಗಳ ಉಳಿಯುವುದಿಲ್ಲ. ರ‍್ಯಾಂಪಿನ ಎದುರು ಕನಿಷ್ಠ 20 ಅಡಿ ಖಾಲಿ ಇರಲಿ. ಚಪ್ಪರದ ಕಂಬಗಳು ನಡುವೆ ಬರುತ್ತವೆಯಾ ನೋಡಿ. ಬಂದರೆ ಬೇರೆ ಮೂಲೆ ಹುಡುಕಿ. ಕಂಬಕ್ಕೆ ಗೋಣಿ ಸುತ್ತಿದರೆ ಸಾಕು ಅನ್ನುವವರಿದ್ದಾರೆ, ನನಗೆ ಒಪ್ಪಿಗೆ ಇಲ್ಲ.

ತೆಂಗು, ಅಡಿಕೆ ಮರದ ಕೆಳಗಂತೂ ಬೇಡ. ಕಾಯಿ, ಸೋಗೆ ಬೀಳುವುದು ಒಂದು ಕಡೆ. ಕೊಳೆತ ಎಲೆ ಮೈಗೆ ಅಂಟಿಕೊಂಡು ತೇವ ಹಿಡಿದಿಡುವುದು ಇನ್ನೊಂದು ಕಡೆ.

ನೀರು ಹೋಗಲು ಅಂಗಳಕ್ಕೆ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ. ಎರಡು ಕೊಡ ನೀರು ಚೆಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ನೀರು ನಿಲ್ಲುವ ಜಾಗದಲ್ಲಿ ರ‍್ಯಾಂಪಿನ ಕಾಲು ಬರಬಾರದು. ಅಕ್ಕಪಕ್ಕದ ವಾಟವನ್ನು ಗಾರೆಯವರ ನೀರಿನ ಪೈಪಿನಲ್ಲಿ ನೋಡಿಕೊಳ್ಳಿ. 8 ಅಡಿಗೆ ಅರ್ಧ ಇಂಚು ವ್ಯತ್ಯಾಸವಾದರೆ ನಡೆಯುತ್ತದೆ.

ಇನ್ನು ತಿಂಗಳು. ಅಕ್ಟೋಬರಿನಿಂದ ಜನವರಿವರೆಗೆ ಅಂಗಳ ಅಡಿಕೆಯದು. ಆ ವಿಷಯದಲ್ಲಿ ಅಪ್ಪಯ್ಯನ ಹತ್ತಿರ ವಾದ ಮಾಡಬೇಡಿ. ಕೊಯ್ಲು ಮುಗಿದು, ಫೆಬ್ರವರಿಯಲ್ಲಿ ಗಾಳಿ ಒಣಗಿರುವಾಗ ಕಟ್ಟಿ. ಏಪ್ರಿಲ್ ಬಂದರೆ ಅಡ್ಡಮಳೆ ಶುರು. ಹೊಡೆದ ಪೇಂಟು ಒಣಗುವ ಮೊದಲೇ ಮೋಡ ಕಟ್ಟುತ್ತದೆ.

## ಹಂತ 2: ಸಾಮಾನು

ಮೊದಲು ಪ್ಲೈವುಡ್. 8×4 ಅಡಿಯ ಶೀಟುಗಳು:

- 18 ಮಿಲಿಮೀಟರ್: 3 (ಪಕ್ಕದ ಚೌಕಟ್ಟು ಮತ್ತು ಮೇಲಿನ ಕಟ್ಟೆಗೆ)
- 9 ಮಿಲಿಮೀಟರ್: 4 (ಬಾಗಿನ ಮೊದಲ ಎರಡು ಪದರಕ್ಕೆ)
- 6 ಮಿಲಿಮೀಟರ್: 2 (ಚಕ್ರ ಓಡುವ ಮೇಲ್ಪದರಕ್ಕೆ)

ಎಲ್ಲವೂ ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರಿಗೂ ಜಗ್ಗದ, ದರ್ಜೆಯದಾಗಿರಲಿ. ಶೀಟಿನ ಮೇಲೆ ಐಎಸ್ 710 ಎಂಬ ಮುದ್ರೆ ಇರುತ್ತದೆ. ಎಮ್‌ಆರ್ ದರ್ಜೆಯದು, ಅಂದರೆ ಬರೀ ತೇವ ತಡೆಯುವಂಥದು, ಬೀರುವಿಗೆ ಸರಿ, ಹೊರಗಿಡಲು ಅಲ್ಲ. ಮುದ್ರೆಯನ್ನೇ ನಂಬಿ ಕೂರಬೇಡಿ. ನನಗೆ ಮೊದಲ ಸಲ ಅಂಗಡಿಯಲ್ಲಿ "ಇದೂ ವಾಟರ್‌ಪ್ರೂಫೇ" ಎಂದು ಕೊಟ್ಟಿದ್ದು ಬರೀ ಕಮರ್ಷಿಯಲ್ ಪ್ಲೈ. ಈಗ ಅಂಗೈಯಗಲದ ಚೂರೊಂದನ್ನು ಮೊದಲು ಕೇಳಿ ತರುತ್ತೇನೆ. ಅದನ್ನು ಬಚ್ಚಲ ಹಂಡೆಯ ನೀರಲ್ಲಿ ಹಾಕಿ ಒಂದು ದಿನ ಕುದಿಸುತ್ತೇನೆ. ಐಎಸ್ 710 ಕೇಳುವುದು 72 ಗಂಟೆ ಕುದಿತ. ಹಾಗಾಗಿ ಒಂದೇ ದಿನಕ್ಕೆ ಪದರ ಬಿಟ್ಟರೆ ಆ ಶೀಟು ಬೇಡ.

ಅಡ್ಡ ಹಾಕಲು 3×2 ಇಂಚಿನ ರೀಪು, 8 ಅಡಿ ಉದ್ದದವು 20. ಸಾ ಮಿಲ್ಲಿನಲ್ಲಿ ಹಸಿ ಮರ ಕೊಟ್ಟರೆ ತರಬೇಡಿ. ಹಸಿ ಅಕೇಶಿಯಾ, ನೀಲಗಿರಿ ಒಣಗುವಾಗ ಹಾವಿನ ಹಾಗೆ ತಿರುಚಿಕೊಳ್ಳುತ್ತವೆ. ಮನೆ ಬಿಚ್ಚಿದ ಹಳೇ ಪಕಾಸಿಯನ್ನು ಸೀಳಿಸಿದ ರೀಪು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮೊಳೆ ಉಳಿದಿದೆಯಾ ಅಂತ ಮಾತ್ರ ಹುಡುಕಿ ತೆಗೆಯಿರಿ.

ಕೋಪಿಂಗ್ ಅಂದರೆ ರ‍್ಯಾಂಪಿನ ತುದಿಯ ಪೈಪು. ಅದಕ್ಕೆ ಎರಡಿಂಚಿನ ಕಬ್ಬಿಣದ ಪೈಪು, 4 ಅಡಿಯ ಎರಡು ತುಂಡು. ಹೊರ ಅಳತೆ ಸುಮಾರು 60 ಮಿಲಿಮೀಟರ್ ಇರುತ್ತದೆ. ಬಾಗಿನ ಬುಡಕ್ಕೆ 3 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು, ಒಂದಡಿ ಅಗಲ, ನಾಲ್ಕಡಿ ಉದ್ದ, ಎರಡು.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನವೇ ಬೇಕು. ರೀಪಿಗೆ 75 ಮಿಲಿಮೀಟರ್, ಪದರಗಳಿಗೆ 32 ಮತ್ತು 50 ಮಿಲಿಮೀಟರ್. ಜಿಪ್ಸಮ್ ಸೀಲಿಂಗಿಗೆ ಬಳಸುವ ಕಪ್ಪು ಸ್ಕ್ರೂ ಅಗ್ಗ ಅಂತ ತಂದವರೆಲ್ಲ ಅತ್ತಿದ್ದಾರೆ. ಒಂದೇ ಮಳೆಗೆ ತುಕ್ಕು, ಬಿಚ್ಚಲು ಹೋದರೆ ತಲೆ ಮುರಿಯುತ್ತದೆ.

ಹತಾರಗಳೆಂದರೆ ಡ್ರಿಲ್, ಜಿಗ್‌ಸಾ, ಗರಗಸ, ಕೀಸುಳಿ, ಮೂಲೆಮಟ್ಟ, ರಸಮಟ್ಟ, ಟೇಪು. ಜಿಗ್‌ಸಾ ಇಲ್ಲದಿದ್ದರೆ ಆಚಾರಿಯವರನ್ನು ಅರ್ಧ ದಿನ ಕರೆಯಿರಿ. ಬಾಗು ಕೊಯ್ಯುವ ಕೆಲಸ ಒಂದನ್ನು ಅವರಿಗೆ ಬಿಟ್ಟರೂ ಸಾಕು.

## ಹಂತ 3: ಬಾಗು ಬರೆಯುವುದು, ಕೊಯ್ಯುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಹಗ್ಗಕ್ಕೆ ಪೆನ್ಸಿಲ್ ಕಟ್ಟಿ ಬಾಗು ಬರೆಯುತ್ತಾರೆ. ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಬಾಗಿಗೆ ಡೊಂಕು ಬರುತ್ತದೆ. ಹಗ್ಗದ ಬದಲು ತೆಳ್ಳಗಿನ ಪಟ್ಟಿ ತಗೊಳ್ಳಿ. ಒಂದು ತುದಿಗೆ ಮೊಳೆ, ಸರಿಯಾಗಿ 7 ಅಡಿಗೆ ಪೆನ್ಸಿಲ್ ತೂರುವಷ್ಟು ತೂತು.

18 ಮಿಲಿಮೀಟರ್ ಶೀಟನ್ನು ಅಂಗಳದಲ್ಲಿ ಮಲಗಿಸಿ. ಉದ್ದದ ಒಂದು ಅಂಚು ರ‍್ಯಾಂಪಿನ ತಳ. ಅದರ ಎಡ ಮೂಲೆ ಬಾಗು ಶುರುವಾಗುವ ಜಾಗ. ಆ ಮೂಲೆಯಿಂದ ತಳಕ್ಕೆ ಲಂಬವಾಗಿ 7 ಅಡಿ ಅಳೆಯಿರಿ. ಅದು ಶೀಟಿನ ಆಚೆ ಹೋಗುತ್ತದೆ. ಅಲ್ಲೊಂದು ದಪ್ಪ ಹಲಗೆ ಇಟ್ಟು, ಮೇಲೆ ಜಂಬಿಟ್ಟಿಗೆ ಕಲ್ಲು ಹೇರಿ, ಹಲಗೆಗೆ ಮೊಳೆ ಹೊಡೆಯಿರಿ. ಲಂಬ ಸರಿಯಿದೆಯಾ ಅಂತ 3-4-5 ಲೆಕ್ಕದಲ್ಲಿ ನೋಡಿ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಇದ್ದರೆ ಓರೆ 5 ಅಡಿ ಬರಬೇಕು.

ಈಗ ಪಟ್ಟಿ ತಿರುಗಿಸಿ ಬಾಗು ಬರೆಯಿರಿ. ತಳದಿಂದ 3 ಅಡಿ ಎತ್ತರ ಮುಟ್ಟುವಾಗ ನೀವು ಮೂಲೆಯಿಂದ 5 ಅಡಿ 9 ಇಂಚು ದೂರ ಬಂದಿರುತ್ತೀರಿ. ಉಳಿಯುವ 2 ಅಡಿ 3 ಇಂಚು ಮೇಲೆ ನಿಲ್ಲುವ ಕಟ್ಟೆ. ಎರಡೂ ಸೇರಿ ಸರಿಯಾಗಿ 8 ಅಡಿ. 5 ಅಡಿ 9 ಇಂಚು ಬರಲಿಲ್ಲ ಅಂದರೆ ಮೊಳೆ ತಪ್ಪಿದ ಜಾಗದಲ್ಲಿದೆ. ಕೊಯ್ಯುವ ಮೊದಲು ಮತ್ತೆ ಅಳೆಯಿರಿ.

ದುಡ್ಡು ಉಳಿಸುವ ದಾರಿ ಒಂದಿದೆ. ಒಂದು ಶೀಟಿಗೆ ಒಂದೇ ಚೌಕಟ್ಟು ಅಂದುಕೊಂಡು ನಾಲ್ಕು ಶೀಟು ತರುತ್ತಾರೆ. ಬೇಡ. ಮೊದಲನೆಯದನ್ನು ಕೊಯ್ದ ಮೇಲೆ ಅದನ್ನೇ ತಲೆಕೆಳಗು ಮಾಡಿ, ತುದಿಯ ಕಡೆಗೆ ಬುಡ ಬರುವಂತೆ ಉಳಿದ ಭಾಗದ ಮೇಲಿಡಿ. ಎರಡನೆಯದು ಅಲ್ಲೇ ಹಿಡಿಸುತ್ತದೆ. ಎರಡು ಶೀಟಿಗೆ ನಾಲ್ಕು ಚೌಕಟ್ಟು. ಮೂರನೇ ಶೀಟು ಎರಡೂ ಕಟ್ಟೆಗೆ ಸಾಕು.

ನಾಲ್ಕನ್ನೂ ಒಟ್ಟಿಗೆ ಕಟ್ಟಿ, ಅಂಚನ್ನು ಕೀಸಿ ಒಂದೇ ಸಮ ಮಾಡಿ. ಒಂದರಲ್ಲಿ ಕಾಲಿಂಚು ತಗ್ಗಿದ್ದರೂ ಬೋರ್ಡಿನ ಮೇಲೆ ನಿಂತವರಿಗೆ ಗೊತ್ತಾಗುತ್ತದೆ.

ಕೋಪಿಂಗ್ ಕೂರಲು ಮೇಲಿನ ಮೂಲೆಯಲ್ಲಿ ಕಚ್ಚು ಬೇಕು. ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಡಿ. ಪೈಪಿನ ಚೂರು, ಕಟ್ಟೆಯ ದಪ್ಪಕ್ಕೆ 18ರ ಪ್ಲೈ ಚೂರು, ಬಾಗಿನ ದಪ್ಪಕ್ಕೆ 9, 9, 6ರ ಚೂರುಗಳನ್ನು ಮೂಲೆಯಲ್ಲಿಟ್ಟು ನೋಡಿ. ಪೈಪು ಕಟ್ಟೆಗಿಂತ ಮೇಲಕ್ಕೂ ಬಾಗಿಗಿಂತ ಮುಂದಕ್ಕೂ 6ರಿಂದ 8 ಮಿಲಿಮೀಟರ್ ಚಾಚಿರಬೇಕು. ಅಲ್ಲಿಗೆ ಗೆರೆ ಎಳೆಯಿರಿ. ಜಾಸ್ತಿ ಚಾಚಿದರೆ ಇಳಿಯುವಾಗ ಚಕ್ರ ಸಿಕ್ಕಿಹಾಕಿಕೊಂಡು ಮುಖ ಅಡಿಯಾಗುತ್ತದೆ.

## ಹಂತ 4: ಜೋಡಿಸುವ ಮೊದಲೇ ಬಳಿಯುವುದು

ಎಲ್ಲ ಮುಗಿದ ಮೇಲೆ ಹೊರಗಿನಿಂದ ಪೇಂಟು ಹೊಡೆಯುವುದು ತೀರಾ ಸಾಮಾನ್ಯ ತಪ್ಪು. ನೀರು ಮುಖದಿಂದ ಒಳಗೆ ಹೋಗುವುದಿಲ್ಲ, ಕೊಯ್ದ ಅಂಚಿನಿಂದ ಹೋಗುತ್ತದೆ. ಜೋಡಿಸಿದ ಮೇಲೆ ಆ ಅಂಚು ಕುಂಚಕ್ಕೆ ಸಿಗುವುದೇ ಇಲ್ಲ.

ಹಾಗಾಗಿ ಎಲ್ಲವನ್ನೂ ಕೊಯ್ದು, ತೂತು ಕೊರೆದು, ಆಮೇಲೆ ಪ್ರತಿ ತುಂಡಿನ ಎಲ್ಲ ಬದಿಗೂ ಹೊರಾಂಗಣದ ಎಣ್ಣೆ ಪೇಂಟು ಎರಡು ಕೋಟು. ಅಂಚುಗಳಿಗೆ ಮೂರು.

ರೀಪಿಗೆ ಮತ್ತು ಚೌಕಟ್ಟಿನ ತಳಕ್ಕೆ ಮಾತ್ರ ನಾನು ಪೇಂಟಿನ ಬದಲು ಗೇರು ಎಣ್ಣೆ ಬಳಿಯುತ್ತೇನೆ. ಗೆದ್ದಲಿಗೆ ನಮ್ಮ ಕಡೆಯ ಹಳೇ ಮದ್ದು ಅದೇ. ಕೈಗವಸು ಕಡ್ಡಾಯ, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಅದು ಒಣಗಲು ದಿನಗಟ್ಟಲೆ ಬೇಕು, ಅದರ ಮೇಲೆ ಪೇಂಟು ನಿಲ್ಲುವುದಿಲ್ಲ.

ಕೊಳೆರೋಗಕ್ಕೆ ಹೊಡೆದು ಉಳಿದ ಮೈಲುತುತ್ತವನ್ನು ಮರಕ್ಕೆ ಬಳಿಯಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಮರ ಉಳಿದರೂ ತಗಡು, ಬೋಲ್ಟು ಉಳಿಯುವುದಿಲ್ಲ.

## ಹಂತ 5: ಪೆಟ್ಟಿಗೆ ಕಟ್ಟುವುದು

ರೀಪಿನ ಉದ್ದ 118.4 ಸೆಂಟಿಮೀಟರ್. 4 ಅಡಿ ಅಲ್ಲ! ಶೀಟಿನ ಅಗಲ 122 ಸೆಂಟಿಮೀಟರ್. ಅದರಲ್ಲಿ ಎರಡು ಪಕ್ಕದ 18 ಮಿಲಿಮೀಟರ್ ಕಳೆಯಬೇಕು. ಇದನ್ನು ಮರೆತು 4 ಅಡಿಗೆ ಕೊಯ್ದರೆ ಮೇಲೆ ಹಾಸುವ ಪ್ಲೈ ಎರಡೂ ಕಡೆ ಕಡಿಮೆ ಬೀಳುತ್ತದೆ.

ಎರಡು ಚೌಕಟ್ಟನ್ನು ಎದುರುಬದುರು ನಿಲ್ಲಿಸಿ. ಮೊದಲು ಹಿಂಭಾಗದಲ್ಲಿ ಮೇಲೊಂದು, ಕೆಳಗೊಂದು ರೀಪು ಹಾಕಿ ಬಿಗಿಯಿರಿ. ಕರ್ಣ ಅಳೆಯಿರಿ. ಎರಡೂ ಕರ್ಣ ಒಂದೇ ಬಂದರೆ ಮಾತ್ರ ಮುಂದೆ ಹೋಗಿ. ಆಮೇಲೆ ಕೋಪಿಂಗ್ ಕೆಳಗೆ ಎರಡು, ಕಟ್ಟೆಯ ಕೆಳಗೆ ಒಂದಡಿಗೊಂದು, ಬಾಗಿನ ಉದ್ದಕ್ಕೂ 8 ಇಂಚಿಗೊಂದು.

ಬುಡದಿಂದ ಮೊದಲ ಒಂದಡಿಯಲ್ಲಿ ಬಾಗಿನ ಎತ್ತರ ಒಂದಿಂಚೂ ಇಲ್ಲ. ಅಲ್ಲಿ ರೀಪನ್ನು ಸೀಳಿ ತೆಳ್ಳಗಿನ ಪಟ್ಟಿ ಮಾಡಿ ಕೂರಿಸಿ. ಒಂದೂವರೆ ಅಡಿಯ ಹತ್ತಿರ ರೀಪನ್ನು ಮಲಗಿಸಿ ಹಾಕಬಹುದು. 22 ಇಂಚು ದಾಟಿದ ಮೇಲೆ ನಿಲ್ಲಿಸಿ ಹಾಕಬಹುದು. ಬುಡದಿಂದ ಬಾಗಿನ ಗುಂಟ 33 ಇಂಚಿಗೂ 48 ಇಂಚಿಗೂ ಒಂದೊಂದು ರೀಪು ಖಂಡಿತ ಇರಲಿ. ಪ್ಲೈ ಸಂದು ಅಲ್ಲಿಗೇ ಬರುತ್ತದೆ.

ಸ್ಕ್ರೂಗೆ ಮೊದಲು 3 ಮಿಲಿಮೀಟರ್ ತೂತು ಕೊರೆಯಿರಿ. ನೇರ ಹೊಡೆದರೆ ರೀಪಿನ ತುದಿ ಸೀಳುತ್ತದೆ.

ಹಿಂಭಾಗ ಮುಚ್ಚಬೇಡಿ. ನೋಡಲು ಚೆಂದ ಅಂತ ಹಲಗೆ ಹೊಡೆದರೆ ಒಳಗೆ ಗಾಳಿ ಆಡುವುದಿಲ್ಲ. ಒಂದು ಓರೆ ರೀಪು ಕೊಟ್ಟರೆ ಅಲುಗಾಟ ನಿಲ್ಲುತ್ತದೆ.

## ಹಂತ 6: ಕೋಪಿಂಗ್, ಆಮೇಲೆ ಪದರಗಳು

ಈ ಕ್ರಮ ಬದಲಿಸಬೇಡಿ. ಪ್ಲೈ ಮೊದಲು ಹಾಕಿದರೆ ಪೈಪು ಕೂರುವುದಿಲ್ಲ.

ಪೈಪಿನ ಹಿಂಬದಿಗೆ ಮೂರು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ. ಆ ಪಟ್ಟಿಗಳ ಮೂಲಕ ರೀಪಿಗೆ ಸ್ಕ್ರೂ ಹೊಡೆಯಬಹುದು. ಸತು ಲೇಪಿಸಿದ ಜಿಐ ಪೈಪಾದರೆ ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲು ಗ್ರೈಂಡ್ ಮಾಡಿ ತೆಗೆಯಲು ಹೇಳಿ. ಸುಟ್ಟ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಸಾದಾ ಪೈಪಾದರೆ ರೆಡ್ ಆಕ್ಸೈಡ್ ಬಳಿಯಿರಿ. ಎರಡು ಪೆಟ್ಟಿಗೆಯ ಪೈಪು ಸೇರುವಲ್ಲಿ ಒಳಗೆ ಸಣ್ಣ ಪೈಪಿನ ತುಂಡು ತೂರಿಸಿ. ಆಗ ಎರಡೂ ಒಂದೇ ನೇರಕ್ಕೆ ನಿಲ್ಲುತ್ತವೆ. ಹೊರ ತುದಿಗಳಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ.

ಈಗ ಪದರ. ಬಾಗಿನ ಗುಂಟ ಉದ್ದ 6 ಅಡಿ 9 ಇಂಚು. 9 ಮಿಲಿಮೀಟರ್ ಶೀಟನ್ನು ಉದ್ದುದ್ದ ಬಗ್ಗಿಸಲು ಹೋದರೆ ಅದು ಕೇಳುವುದಿಲ್ಲ, ಒತ್ತಿದರೆ ಬಿರುಕು ಬಿಡುತ್ತದೆ. ಅದನ್ನು ಎರಡು 4×4 ತುಂಡು ಮಾಡಿ. ಮೇಲ್ಮುಖದ ಮರದ ಎಳೆ ರ‍್ಯಾಂಪಿನ ಅಡ್ಡಕ್ಕೆ ಬರುವಂತೆ ತಿರುಗಿಸಿಡಿ. ಹಾಗಾದರೆ ಸುಲಭವಾಗಿ ಬಾಗುತ್ತದೆ.

ಮೊದಲ ಪದರದಲ್ಲಿ ಕೆಳಗೆ 4 ಅಡಿ, ಮೇಲೆ 2 ಅಡಿ 9 ಇಂಚು. ಎರಡನೆಯದರಲ್ಲಿ ಉಲ್ಟಾ: ಕೆಳಗೆ 2 ಅಡಿ 9 ಇಂಚು, ಮೇಲೆ 4 ಅಡಿ. ಸಂದಿನ ಮೇಲೆ ಸಂದು ಬರಬಾರದು, ಅಷ್ಟೇ ಗುಟ್ಟು. ಸಂದಿನಲ್ಲಿ 2 ಮಿಲಿಮೀಟರ್ ಬಿಡಿ. ಪೂರ್ತಿ ಒತ್ತಿ ಕೂರಿಸಿದರೆ ಮರ ಉಬ್ಬಿದಾಗ ಎದ್ದು ನಿಲ್ಲುತ್ತದೆ.

ಮೇಲ್ಪದರದ 6 ಮಿಲಿಮೀಟರ್ ತೆಳ್ಳಗಿರುವುದರಿಂದ ಉದ್ದುದ್ದವೇ ಬಾಗುತ್ತದೆ, ನಡುವೆ ಸಂದು ಇಲ್ಲದೆ ಒಂದೇ ತುಂಡು. ಮೇಲಿನಿಂದ ಸ್ಕ್ರೂ ಹಾಕುತ್ತಾ ಕೆಳಗೆ ಬನ್ನಿ. ಒಬ್ಬರು ಮಂಡಿಯೂರಿ ಒತ್ತಿ ಕೂರಲಿ. ಸ್ಕ್ರೂ ತಲೆ ಮೈಯಿಂದ ಒಂದು ಕೂದಲೆಳೆ ಕೆಳಗಿರಲಿ. ಜಾಸ್ತಿ ಇಳಿಸಿದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಈ ಪದರಕ್ಕೆ ಅಂಟು ಹಾಕಲೇಬೇಡಿ, ಮುಂದೆ ಬದಲಿಸಬೇಕಾದದ್ದು ಇದೇ.

ಕೊನೆಗೆ ಬುಡದ ತಗಡು. ಪದರಗಳ ದಪ್ಪ 24 ಮಿಲಿಮೀಟರ್. ಅಂಗಳದಿಂದ ಬರುವ ಚಕ್ರಕ್ಕೆ ಅದೊಂದು ಗೋಡೆ. ತಗಡಿನ ಅರ್ಧ ರ‍್ಯಾಂಪಿನ ಮೇಲೆ, ಅರ್ಧ ಅಂಗಳದ ಮೇಲೆ ಬರಲಿ. ಅದರ ಸ್ಕ್ರೂ ತಲೆ ತಗಡಿನೊಳಗೆ ಮುಳುಗುವಂತೆ ತೂತಿನ ಬಾಯಿ ಅಗಲ ಮಾಡಿಸಿ. ತೆಳು ತಗಡು ಬೇಡ, ಅದರ ಅಂಚು ಮೇಲೆದ್ದು ಚೂರಿಯಾಗುತ್ತದೆ.

ಎರಡೂ ಪೆಟ್ಟಿಗೆಯನ್ನು ಪಕ್ಕಪಕ್ಕ ಇಟ್ಟು 12 ಮಿಲಿಮೀಟರಿನ ಮೂರು ಬೋಲ್ಟು ಬಿಗಿಯಿರಿ. ಹಿಂಭಾಗದ ಕಾಲಿನಡಿ ಹಳೇ ಟ್ಯೂಬಿನ ರಬ್ಬರ್ ಚೂರು ಇಟ್ಟರೆ ತಳ ನೆಲದ ತೇವ ಹೀರುವುದಿಲ್ಲ.

## ಹಂತ 7: ಮೊದಲ ಸವಾರಿಗೆ ಮುಂಚೆ

ಮೊದಲು ಬೋರ್ಡಿಲ್ಲದೆ ಬಾಗಿನ ಮೇಲೆ ಬರಿಗಾಲಲ್ಲಿ ಓಡಾಡಿ. ಎಲ್ಲಾದರೂ ಕಾಲಡಿ ಬಗ್ಗಿದರೆ ಅಲ್ಲಿ ರೀಪು ಕಡಿಮೆಯಾಗಿದೆ. ಕೋಪಿಂಗ್ ಮೇಲೆ ಮೇಣದ ಬತ್ತಿ ಉಜ್ಜಿ. ಹೆಲ್ಮೆಟ್, ಮಂಡಿ ಕವಚ ಹಾಕಿಕೊಳ್ಳಿ. ಬೀಳುವಾಗ ಮಂಡಿಯ ಮೇಲೆ ಜಾರಿ ಬರುವುದನ್ನು ಮೊದಲು ಕಲಿತವರು ಜಾಸ್ತಿ ದಿನ ಆಡುತ್ತಾರೆ.

ಬೆಳಗ್ಗೆ ಬೇಗ ಹತ್ತಬೇಡಿ. ಫೆಬ್ರವರಿಯಲ್ಲೂ ಇಬ್ಬನಿ ಬಿದ್ದಿರುತ್ತದೆ. ಒಣಗಿದ ಹಾಗೆ ಕಾಣುವ ಮೈ ಎಣ್ಣೆ ಬಳಿದ ಹಾಗೆ ಜಾರುತ್ತದೆ. ನನ್ನ ಮಣಿಕಟ್ಟು ಉಳುಕಿದ್ದು ಹಾಗೇ. ಬಟ್ಟೆಯಲ್ಲಿ ಒರೆಸಿ, ಬಿಸಿಲು ಬರುವವರೆಗೆ ಕಾಯಿರಿ.

## ಹಂತ 8: ನೋಡಿಕೊಳ್ಳುವುದು ಮತ್ತು ಮುನ್ಸೂಚನೆಗಳು

ಹದಿನೈದು ದಿನಕ್ಕೊಮ್ಮೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೈಯೆಲ್ಲ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಸ್ಕ್ರೂ ತಲೆಗಳು ತಾವಾಗಿ ಮೇಲೆದ್ದಿದ್ದರೆ ಮರ ಒದ್ದೆಯಾಗಿ ಉಬ್ಬಿ ಒಣಗಿದೆ ಎಂದರ್ಥ. ಸುಮ್ನೆ ಬಿಗಿದು ಬಿಡಬೇಡಿ, ನೀರು ಎಲ್ಲಿಂದ ಬಂತು ಹುಡುಕಿ.

ಸಂದಿನ ಪಕ್ಕ ಕಪ್ಪು ಕಲೆ ಕಂಡರೆ ಸ್ಕ್ರೂ ಡ್ರೈವರಿನ ತುದಿ ಚುಚ್ಚಿ ನೋಡಿ. ಒಳಗೆ ಇಳಿದರೆ ಆ ತುಂಡಿನ ಆಯುಸ್ಸು ಮುಗಿದಿದೆ. ಚೌಕಟ್ಟಿನ ತಳದಲ್ಲಿ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಗೆರೆ ಒರೆಸಿದರೆ ಸಾಲದು, ಪೆಟ್ಟಿಗೆಯನ್ನೇ ಜಾಗ ಬದಲಿಸಿ, ಬಿಸಿಲಿಗೆ ಮಗುಚಿ ಹಾಕಿ, ಗೇರು ಎಣ್ಣೆ ಬಳಿಯಿರಿ. ಆಡುವಾಗ ಕೋಪಿಂಗ್ ಟಣ್ ಅಂದರೆ ಅಂದೇ ಬಿಗಿಯಿರಿ, ನಾಳೆಗೆ ಬಿಟ್ಟರೆ ತೂತು ಸಡಿಲವಾಗುತ್ತದೆ.

ಪಾಚಿ ಕಂಡರೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಉಜ್ಜಿ, ಒಳ್ಳೆ ನೀರಲ್ಲಿ ತೊಳೆದು, ಎರಡು ದಿನ ಒಣಗಿಸಿ. ಗಾಡಿ ತೊಳೆಯುವ ಜೋರು ಪಂಪ್ ಹಿಡಿಯಬೇಡಿ, ಅದು ನೀರನ್ನು ಪದರದೊಳಗೇ ನುಗ್ಗಿಸುತ್ತದೆ. ಅಡ್ಡಮಳೆ ಬಂದು ಹೋದ ಮೇಲೆ ಮೈ ಒರೆಸಿ, ಪೆಟ್ಟಿಗೆಯನ್ನು ಹಿಂದಕ್ಕೆ ಮಲಗಿಸಿ ತಳಕ್ಕೂ ಬಿಸಿಲು ಕೊಡಿ.

## ಹಂತ 9: ಒಳಗೆ ಸಾಗಿಸುವುದು

ಮೇ ಕೊನೆಯ ವಾರ, ರೋಹಿಣಿ ಮಳೆ ಕೂಡುವ ಹೊತ್ತಿಗೆ ರ‍್ಯಾಂಪ್ ಒಳಗಿರಬೇಕು. ಬೋಲ್ಟು ತೆಗೆಯಿರಿ, ತಗಡು ಬಿಚ್ಚಿ ಎಣ್ಣೆ ಸವರಿ. ಒಂದೊಂದು ಪೆಟ್ಟಿಗೆ ನೂರು ಕಿಲೋ ದಾಟುತ್ತದೆ. ನಾಲ್ಕು ಜನ ಬೇಕು, ಇಬ್ಬರು ಸಾಕು ಅನ್ನುವ ಶೂರರ ಸೊಂಟಕ್ಕೆ ನಾನು ಜವಾಬ್ದಾರನಲ್ಲ. ಕೊಟ್ಟಿಗೆಯಲ್ಲಿ ಇಟ್ಟಿಗೆಗಳ ಮೇಲೆ ಪಕ್ಕಕ್ಕೆ ನಿಲ್ಲಿಸಿ. ಗೋಡೆಗೆ ತಾಗಿಸಬೇಡಿ. ಗೊಬ್ಬರದ ಚೀಲ, ಗಂಜಲದ ಮೋರಿ ಹತ್ತಿರವಂತೂ ಬೇಡ.

ಒಳಗೆ ಜಾಗವೇ ಇಲ್ಲವಾ? ಹಾಗಾದರೆ ಅಡಿಕೆ ದಬ್ಬೆಯಲ್ಲಿ ಗೂಡು ಕಟ್ಟಿ, ರ‍್ಯಾಂಪಿಗಿಂತ ಒಂದಡಿ ಮೇಲೆ ಟಾರ್ಪಾಲು ಎಳೆಯಿರಿ. ಎರಡು ಬದಿ ತೆರೆದೇ ಇರಲಿ. ಟಾರ್ಪಾಲನ್ನು ಮೈಗೆ ಸುತ್ತಿ ಕಟ್ಟುವುದೇ ಎಲ್ಲರ ತಪ್ಪು. ಒಳಗೆ ಬೆವರಿ, ಮಳೆಯಲ್ಲಿ ನೆನೆದದ್ದಕ್ಕಿಂತ ಬೇಗ ಕೊಳೆಯುತ್ತದೆ. ಹೀಗೆ ಹೊರಗಿಟ್ಟರೆ ಆಯುಸ್ಸು ಅರ್ಧ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಹೊರತೆಗೆಯುವ ದಿನ ಮೊದಲು ಉದ್ದನೆಯ ಕೋಲಿನಿಂದ ಪೆಟ್ಟಿಗೆಯೊಳಗೆ ಬಡಿದು ನೋಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವುದು ನಾವೊಬ್ಬರೇ ಅಲ್ಲ, ಹಾವೂ ಹುಡುಕುತ್ತದೆ. ಆಮೇಲೆ ತಟ್ಟಿ, ಚುಚ್ಚಿ, ಬಿಗಿದು ನೋಡಿ. ಮೇಲ್ಪದರ ಹೋಗಿದ್ದರೆ ಸ್ಕ್ರೂ ಬಿಚ್ಚಿ ಹಳೇ ಶೀಟನ್ನು ಹೊಸದರ ಮೇಲಿಡಿ, ಅದರ ತೂತುಗಳ ಮೂಲಕವೇ ಗುರುತು ಹಾಕಿಕೊಳ್ಳಿ. ಹೊಸ ಸ್ಕ್ರೂಗಳನ್ನು ಹಳೇ ತೂತಿನಿಂದ ಅರ್ಧ ಇಂಚು ಪಕ್ಕಕ್ಕೆ ಸರಿಸಿ ಹಾಕಿ, ಅಲ್ಲಿ ಮರ ಇನ್ನೂ ಹಿಡಿತ ಬಿಟ್ಟಿರುವುದಿಲ್ಲ. ಹಳೇ ತೂತುಗಳಿಗೆ ಮರದ ಪುಡಿ ಬೆರೆಸಿದ ಅಂಟು ತುಂಬಿ.